ಜೇನುಗಳಿಗೆ ಹೇಳಿದ ಸಾವು

ನಿನ್ನೆ ಸಂಜೆ ಇಲ್ಲಿ, ಅರಬ್ ನಾಡಿನ ಜಿಜಾನ್ ಪೇಟೆಯಲ್ಲಿ ಅಂಗಡಿಯವನೊಬ್ಬ ರುಚಿ ನೋಡಲೆಂದು ನನ್ನ ಅಂಗೈಗೆ ಒಂದಿಷ್ಟು ಜೇನು ಬಿಟ್ಟ. ನಾಲಿಗೆಗೆ ತಾಗುವ ಮೊದಲೇ, ಆ ವಾಸನೆಗೇ ಮೊಯ್ಚಾ ನೆನಪಾದಳು.

ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ಜೊತೆ ನರ್ಸ್ ಆಗಿದ್ದವಳು. ಊರು ಸ್ಲೊವೇನಿಯಾ. ಭೂಗೋಳದಲ್ಲಿ ನಾನು ಯಾವಾಗಲೂ ದಡ್ಡಿ. ಯುರೋಪಿನ ನಕಾಶೆಯಲ್ಲಿ ಅವಳೇ ಬೆರಳಿಟ್ಟು ತೋರಿಸಿದಳು. ಬೆರಳಡಿಯಲ್ಲಿ ದೇಶವೇ ಮುಚ್ಚಿಹೋಯಿತು. ಅಷ್ಟು ಪುಟ್ಟ ಬೆಟ್ಟದ ನಾಡಿನಲ್ಲಿ ಏನೇನಿತ್ತು ಅಂತೀರಿ! ಅರ್ಧಕ್ಕಿಂತ ಹೆಚ್ಚು ಕಾಡು, ಕಾಡಿನಲ್ಲಿ ಕಂದು ಕರಡಿ. ಸುಣ್ಣಕಲ್ಲಿನ ನೆಲದೊಳಗೆ ಮಾಯವಾಗಿ, ಇನ್ನೆಲ್ಲೋ ಬೇರೆ ಹೆಸರಿನಲ್ಲಿ ಮೇಲೆ ಬರುವ ನದಿ. ಮಳೆಗೆ ತುಂಬಿ, ಬೇಸಿಗೆಯಲ್ಲಿ ಹುಲ್ಲುಗಾವಲಾಗುವ ಸರೋವರ. ಗುಹೆಯ ನೀರಿನಲ್ಲಿ ಕುರುಡಾಗಿ ಬದುಕುವ ನಸುಗೆಂಪು ಜೀವಿಯೊಂದು, ವರ್ಷಗಟ್ಟಲೆ ಉಪವಾಸವಿದ್ದರೂ ಸಾಯುವುದಿಲ್ಲವಂತೆ. “ಡಯಟ್ ಮಾಡುವ ನನಗೆ ಅದನ್ನು ತೋರಿಸ್ಬೇಡ ಮಾರಾಯ್ತಿ,” ಎಂದು ನಾನು ನಕ್ಕಿದ್ದೆ.

ಆ ಬೆಟ್ಟಗಳ ಬುಡದಲ್ಲಿ ಅವಳ ಅಣ್ಣ ಜೇನು ಸಾಕುತ್ತಿದ್ದ. ಅಲ್ಲಿಯದೇ ತಳಿ, ಬೂದುಬಣ್ಣದ, ಬಲು ಸಾಧು ನೊಣಗಳು. ಅವಳಿಗೆ ಒಡಹುಟ್ಟಿದವನೆಂದು ಇದ್ದದ್ದು ಅವನೊಬ್ಬನೇ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಿದ್ದಾಗ ಊರಿನ ನೆರೆಯಾಕೆಯಿಂದ ಫೋನ್ ಬಂತು. ಬೆಟ್ಟ ಹತ್ತುವಾಗ ಅಣ್ಣ ಜಾರಿಬಿದ್ದು ಹೋಗಿಬಿಟ್ಟಿದ್ದ. ಮೊಯ್ಚಾ ಅಳಲಿಲ್ಲ. ಫೋನಿನಲ್ಲಿ ಅದೇನೋ ಹೇಳಿ, ನನ್ನ ಕಡೆ ತಿರುಗಿದಳು.

“ಸಾಕಿದವನು ಸತ್ತರೆ ಜೇನುಗಳಿಗೆ ಮನೆಯವರು ತಿಳಿಸಬೇಕು. ಇಲ್ಲದಿದ್ದರೆ ಅವು ಬಿಟ್ಟುಹೋಗುತ್ತವೆ. ಫೋನನ್ನು ಜೇನುಪೆಟ್ಟಿಗೆಗಳ ಹತ್ತಿರ ಹಿಡಿ ಅಂದಿದ್ದೇನೆ.”

ಆ ಕಡೆ ಮರದ ಪೆಟ್ಟಿಗೆ ತಟ್ಟಿದ ಸದ್ದು, ಹಿಂದೆಯೇ ಸಣ್ಣ ಮೊರೆತ. ಇವಳು ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿದಳು. ಮುಂದಿನ ಪೆಟ್ಟಿಗೆಗೂ ಅದೇ ಮಾತು. ಅದರಲ್ಲಿ ನನಗೆ ತಿಳಿದದ್ದು ಅಣ್ಣನ ಹೆಸರೊಂದೇ. ಕೊನೆಯ ಪೆಟ್ಟಿಗೆಯ ಹೊತ್ತಿಗೆ ಅವಳಿಗೆ ಆ ಹೆಸರೂ ಹೊರಡಲಿಲ್ಲ.

ಊರಿಗೆ ಹೋದವಳು ಮತ್ತೆ ಬರಲಿಲ್ಲ. ಜೇನುಗಳನ್ನು ತಾನೇ ನೋಡಿಕೊಂಡಳು.

ನಿನ್ನೆ ಪೇಟೆಯಿಂದ ಬಂದವಳೇ ಅವಳಿಗೆ ಫೋನ್ ಮಾಡಿದೆ. “ಜೇನುಗಳು ಹೇಗಿದ್ದಾವೆ?”

“ಈ ಚಳಿಗಾಲದಲ್ಲಿ ಎಲ್ಲ ತೀರಿಕೊಂಡವು. ನಮ್ಮ ಭಾಷೆಯಲ್ಲಿ ನಾಯಿಗೆ, ದನಕ್ಕೆ ಸಾವಿನ ಶಬ್ದ ಬೇರೆ. ಜೇನಿಗೆ ಮಾತ್ರ ಮನುಷ್ಯರಿಗೆ ಹೇಳುವ ಶಬ್ದವೇ.”

ನಾನು ಫೋನಿಟ್ಟು ಸುಮ್ಮನೆ ಕುಳಿತದ್ದು ಕಂಡು ಗಂಡ ಕೇಳಿದರು: “ಎಂತ ಆಯ್ತು ಮಾರಾಯ್ತಿ?”

“ಮೊಯ್ಚಾಳ ಮನೆಯಲ್ಲಿ ತೀರಿಕೊಂಡಿದ್ದಾರೆ.”

“ಅಯ್ಯೋ. ಯಾರು?”

“ಮನೆಯವರು,” ಅಂದೆ.

ಅವರು ಟಿ.ವಿ. ಆರಿಸಿ, ನನ್ನ ಪಕ್ಕ ಬಂದು ಕುಳಿತರು.