ಗಂಡನ ರಿಟ್ರೀಟ್, ನನ್ನ ಮೂಗು

ದುಬೈಯ ಅಲ್ ಕುಸೈಸಿನಲ್ಲಿ ಮೆಟ್ರೋ ಇನ್ನೂ ಹೊಸತಾಗಿದ್ದ ಕಾಲ. ನಮ್ಮ ಫ್ಲ್ಯಾಟಿನಲ್ಲಿ ವಾರಕ್ಕೊಮ್ಮೆ ಅಕ್ಕಪಕ್ಕದವರೆಲ್ಲ ಸೇರಿ ತೇರ್ಸ್, ಅಂದರೆ ಮಾತೆ ಮರಿಯಳ ಜಪ, ಹೇಳುತ್ತಿದ್ದೆವು. ಜಪಸರ ಹಿಡಿದು ಮುಂದೆ ಕೂರುತ್ತಿದ್ದವರು ನನ್ನ ಗಂಡ. ಕುಡಿದಿದ್ದರೂ ಒಂದು ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಎಂಥಾ ಕಂಠ ಮಾರಾಯ್ರೆ, ಹೊಗಳದವರೇ ಇಲ್ಲ. ನನ್ನ ಅಮ್ಮ ಊರಲ್ಲಿ ತೀರಿಕೊಂಡ ದಿನ ಇದೇ ಮನುಷ್ಯ ಸೋಫಾದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದರು. ಎಂಟು ತಿಂಗಳ ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೊಬ್ಬಳೇ ಏರ್‌ಪೋರ್ಟಿಗೆ ಹೋದೆ. ಅದನ್ನು ನಾನು ಮರೆಯಲಿಲ್ಲ.

ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚಿನವರು ಗಂಡಸರಿಗಾಗಿ ಮೂರು ದಿನದ ರಿಟ್ರೀಟ್, ಪ್ರಾರ್ಥನಾ ಶಿಬಿರ, ಇಟ್ಟರು. ಅದನ್ನು ಮುಗಿಸಿ ಬಂದವರೇ ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ ಹೋದ ದಿನ ನಿನ್ನ ಕೈಬಿಟ್ಟೆ. ತಪ್ಪಾಯ್ತು. ಇನ್ನು ಕುಡಿಯುವುದಿಲ್ಲ" ಅಂದರು. ಕಣ್ಣಲ್ಲಿ ನೀರು.

ನಾನು ಬಂಗುಡೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಹೆಂಡತಿಯ ಕ್ಷಮೆ ಕೇಳಿ ಅಂತ ಅಲ್ಲಿ ಹೇಳಿ ಕಳಿಸಿದ್ರಾ?"

"ಹೌದು" ಅಂದರು.

ಮರುದಿನ ಮೇಲಿನ ಮನೆಯಾಕೆ, ತನ್ನ ಗಂಡನೂ ಹೀಗೇ ಅತ್ತರು ಅಂದಳು. ಖಾತ್ರಿಯಾಯಿತು, ಇದೆಲ್ಲ ಹೋಮ್‌ವರ್ಕ್.

ಅಂದಿನಿಂದ ನನ್ನ ಮೂಗಿಗೆ ಬಿಡುವಿಲ್ಲ. ಶರ್ಟು ಮೂಸಿದೆ, ಫ್ಲಾಸ್ಕು ಮೂಸಿದೆ. ಬಾಯಲ್ಲಿ ಏಲಕ್ಕಿ ವಾಸನೆ ಬಂದರೆ, ಚಹಾದ್ದಲ್ಲ, ಏನನ್ನೋ ಮುಚ್ಚಲಿಕ್ಕೆ ಜಗಿದದ್ದು ಅಂದುಕೊಂಡೆ. ತೇರ್ಸಿನಲ್ಲಿ ಅವರೀಗ ಹಿಂದೆ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದರು, ಮುಗಿದ ಮೇಲೆ ಎಲ್ಲರ ತಟ್ಟೆ ತೊಳೆಯುತ್ತಿದ್ದರು. ಅದರಿಂದ ಸಂಶಯ ಇನ್ನೂ ಹೆಚ್ಚಾಯಿತು. ನಾನೋ, ಒಂದು ಶುಕ್ರವಾರವೂ ಮಾಂಸ ಮುಟ್ಟಿದವಳಲ್ಲ, ಚರ್ಚಿನ ಶಿಲುಬೆಹಾದಿ ಪ್ರಾರ್ಥನೆ ತಪ್ಪಿಸಿದವಳಲ್ಲ.

ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದೆ. ಸಾಲು ಕಾರ್ ಪಾರ್ಕಿನವರೆಗೂ ಇತ್ತು. ಸರದಿ ಬಂದಾಗ ಮೊಣಕಾಲೂರಿ ಎಲ್ಲ ಹೇಳಿದೆ: ಸೋಫಾ, ಏರ್‌ಪೋರ್ಟು, ಏಲಕ್ಕಿ. ಜಾಲರಿಯ ಆಚೆ ಕೂತಿದ್ದ ನಮ್ಮ ಕಡೆಯ ಪಾದ್ರಿ ಪೂರ್ತಿ ಕೇಳಿಸಿಕೊಂಡರು.

"ಅದು ನಿಮ್ಮ ಯಜಮಾನರ ಪಾಪ ಆಯ್ತಲ್ಲ ಅಮ್ಮ. ನಿಮ್ಮದು ಹೇಳಿ."

ಸಿಟ್ಟು ಬಂತು. ಉಪವಾಸ, ಜಪ ಎಲ್ಲ ಸರಿಯಾಗಿಯೇ ಮಾಡಿದ್ದೆ, ನನ್ನದು ಅಂತ ಹೇಳಲಿಕ್ಕೆ ಏನಿದೆ? ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿ ಅವಸರ ಮಾಡಲಿಲ್ಲ.

"ಅವರು ಕುಡಿದು ಸಿಕ್ಕಿಬೀಳಲಿ ಅಂತ ದಿನಾ ಕಾಯ್ತಾ ಇದ್ದೇನೆ, ಫಾದರ್" ಅಂದೆ. "ಸಿಕ್ಕಿಬೀಳದಿದ್ದರೆ ನಾನು ಕ್ಷಮಿಸಬೇಕಾಗ್ತದೆ."