ಟೆಸ್ಟಿಂಗ್ ಹಾಡು

ಕಾರುಗಳಿಗೆ ಸ್ಟೀರಿಯೋ ಕೂರಿಸುವ ಅವನನ್ನು ಬೀದಿಯವರೆಲ್ಲ ಸೌಂಡಣ್ಣ ಎನ್ನುತ್ತಿದ್ದರು. ಆ ಹೆಸರನ್ನು ಯಾರೋ ಕುಚೋದ್ಯಕ್ಕೇ ಇಟ್ಟಿರಬೇಕು, ಏಕೆಂದರೆ ಅವನು ಬಾಯಿ ಬಿಡುವುದೇ ಅಪರೂಪ. "ಊರಿನ ಕಾರುಗಳಿಗೆಲ್ಲ ಬಾಯಿ ಕೊಟ್ಟು ಬರ್ತಾರೆ ಇವರು. ಮನೆಗೆ ಬರೋ ಹೊತ್ತಿಗೆ ಒಂದು ಮಾತೂ ಉಳಿದಿರಲ್ಲ" ಎಂದು ಅವನ ಹೆಂಡತಿ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ಪೂರ್ತಿ ನಗುವೇನೂ ಅಲ್ಲ ಅದು.

ಅಂಗಡಿಯೆಂದರೆ ಬ್ಯಾಟರಿ ಅಂಗಡಿಗೂ ಸೀಟ್ ಕವರ್ ಹೊಲಿಯುವವನ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಓಣಿಯಂಥ ಒಂದು ಕೋಣೆ. ಒಳಗೆ ಒಬ್ಬ ತಿರುಗಬೇಕಾದರೆ ಇನ್ನೊಬ್ಬ ಹೊರಗೆ ಬರಬೇಕು. ಹಾಗಾಗಿ ಕೆಲಸವೆಲ್ಲ ಬೀದಿಯಲ್ಲೇ. ಕಾರಿನ ಮುಂದಿನ ಬಾಗಿಲು ತೆರೆದು, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ಅವನು ಅಂಗಾತ ಮಲಗಿದನೆಂದರೆ ಹೊರಗೆ ಕಾಣುವುದು ಮೊಣಕಾಲು ಮಾತ್ರ. ಗಿರಾಕಿಗಳು ಆ ಮೊಣಕಾಲುಗಳ ಜೊತೆಗೇ ಮಾತಾಡಿ ಅಭ್ಯಾಸ ಮಾಡಿಕೊಂಡಿದ್ದರು.

ಕ್ಯಾಸೆಟ್ಟಿನ ಕಾಲ ಮುಗಿದು ಸೀಡಿ ಬಂತು. ಸೀಡಿ ಇನ್ನೂ ಹಳೆಯದಾಗುವ ಮೊದಲೇ ಜನ ಬೆಂಕಿಪೊಟ್ಟಣದಷ್ಟು ಗಾತ್ರದ ಪ್ಲೇಯರುಗಳನ್ನು ಜೇಬಿನಿಂದ ತೆಗೆದು, "ಇದನ್ನ ಕಾರಲ್ಲಿ ಕೇಳೋ ಹಾಗೆ ಮಾಡ್ಕೊಡಣ್ಣ" ಎನ್ನತೊಡಗಿದರು. ಅದಕ್ಕೆ ಸುಲಭದ ದಾರಿಗಳೂ ಇದ್ದವು. ಕ್ಯಾಸೆಟ್ಟಿನ ಆಕಾರದ್ದೇ ಒಂದು ಡಬ್ಬಿ, ಅದಕ್ಕೊಂದು ವೈರಿನ ಬಾಲ; ಸೆಟ್ಟಿನೊಳಗೆ ತುರುಕಿದರೆ ಆಯಿತು, ಆದರೆ ಹಾಡಿನ ಹಿಂದೆ ಗರಗರ ಎಂಬ ಗಂಟಲು ಕೆರೆತ ತಪ್ಪದು. ಇಲ್ಲವೇ ರೇಡಿಯೋ ಮೂಲಕ ಹಾಡಿಸುವ ಪುಟ್ಟ ಯಂತ್ರ. ಅದರಲ್ಲಾದರೋ ಸರ್ಕಲ್ ದಾಟುವಷ್ಟರಲ್ಲಿ ಇನ್ಯಾವುದೋ ಸ್ಟೇಷನ್ನಿನವರು ಅರ್ಧ ಹಾಡಿಗೇ ನುಗ್ಗಿ ವಾರ್ತೆ ಓದುತ್ತಿದ್ದರು. ಸೌಂಡಣ್ಣ ಇವೆರಡನ್ನೂ ಮುಟ್ಟುತ್ತಿರಲಿಲ್ಲ. ಸೆಟ್ಟನ್ನೇ ಹೊರಗೆಳೆದು, ಬೆನ್ನು ಬಿಚ್ಚಿ, ವೈರು ಬೆಸುಗೆ ಹಾಕಿ, ಪ್ಲೇಯರಿನ ಪಿನ್ನು ಚುಚ್ಚಲು ಗೇರಿನ ಪಕ್ಕ ಒಂದು ತೂತು ಮಾಡಿ ಕೊಡುತ್ತಿದ್ದ. ಕೆಲಸ ಮುಗಿದ ಮೇಲೆ ಕೇಳಿ ನೋಡಲು ಅವನ ಹತ್ತಿರ ತನ್ನದೇ ಒಂದು ಪ್ಲೇಯರಿತ್ತು. ಹಿಂಭಾಗದ ಮುಚ್ಚಳ ಒಡೆದು ಅದಕ್ಕೆ ನೀಲಿ ಟೇಪು ಸುತ್ತಿದ್ದ. ಅದರಲ್ಲಿದ್ದ ಹಾಡುಗಳೆಲ್ಲ ಒಬ್ಬಳವೇ. ತಂಗಿಯವು.

ತಂದೆ ಬೇಗ ತೀರಿಕೊಂಡು, ತಾಯಿ ಬಟ್ಟೆ ಹೊಲಿದು ಸಾಕಿದ ಮನೆ ಅದು. ಅವನು ಹುಡುಗನಾಗಿದ್ದಾಗಲೇ ಒಂದು ಆರ್ಕೆಸ್ಟ್ರಾದವರ ಮೈಕು, ಸ್ಪೀಕರು ಹೊರುವ ಕೆಲಸಕ್ಕೆ ಸೇರಿದ. ಒಂದು ದಿನ ಹಾಡುವವಳು ಬರಲಿಲ್ಲವೆಂದು ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, "ನನ್ ತಂಗಿ ಹಾಡ್ತಾಳೆ" ಎಂದುಬಿಟ್ಟ. ಆವತ್ತಿನಿಂದ ಅವಳು ಎಷ್ಟು ಮದುವೆ ಛತ್ರಗಳಲ್ಲಿ, ಕ್ಲಬ್ಬಿನ ಹಾಲುಗಳಲ್ಲಿ ಹಾಡಿದಳೋ ಲೆಕ್ಕವಿಲ್ಲ. ವೇದಿಕೆಯ ಪಕ್ಕ ಅಣ್ಣ ಕೂತು ಗುಂಡಿ ತಿರುಗಿಸುತ್ತ ರೆಕಾರ್ಡು ಮಾಡಿಕೊಳ್ಳುತ್ತಿದ್ದ. ಜನ ಚಪ್ಪಾಳೆ ತಟ್ಟಿದರೆ ಅವಳು ಮೊದಲು ತಿರುಗಿ ನೋಡುತ್ತಿದ್ದುದು ಅಣ್ಣನ ಕಡೆಗೆ. ಅವನು ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗದ ಹಾಗೆ ನೋಡಿಕೊಳ್ಳುವುದರಲ್ಲೇ ಮುಳುಗಿರುತ್ತಿದ್ದ.

ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಟೈಲ್ಸ್ ವ್ಯಾಪಾರಿಯೊಬ್ಬ ಕಾರಿಗೆ ಸೆಟ್ ಹಾಕಿಸಲು ಬಂದ. ಆ ಹೊತ್ತಿಗೆ ತಂಗಿ ಊಟದ ಡಬ್ಬಿ ತಂದಳು. ವ್ಯಾಪಾರಿ ಮರುವಾರ ಸ್ಪೀಕರ್ ಸರಿಯಿಲ್ಲವೆಂದು ಬಂದ. ಸ್ಪೀಕರಿಗೆ ಏನೂ ಆಗಿರಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಅವನೂ ಅವನ ಮನೆಯವರೂ ಹೆಣ್ಣು ಕೇಳಿಕೊಂಡು ಬಂದರು.

ಮಾತೆಲ್ಲ ಮುಗಿದು ಎದ್ದು ನಿಂತಾಗ ಹುಡುಗನ ತಾಯಿ ಕೇಳಿದಳು: "ಈ ಹಾಡೋದು ಗೀಡೋದು ಮುಂದುವರಿಸಲ್ಲ ತಾನೆ?"

"ಅಯ್ಯೋ, ಅದೆಲ್ಲ ಮದುವೆ ಆಗೋವರೆಗೆ ಅಷ್ಟೆ" ಎಂದಳು ಇವನ ತಾಯಿ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಂಗಿ ಅಣ್ಣನ ಮುಖ ನೋಡಿದಳು. ಅವನು ಕಾಫಿ ಲೋಟದ ತಳ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ತಂಗಿಯ ಗಂಡನಾಗುವವನ ಕಾರಿನಲ್ಲಿ ತಾನೇ ಹಾಕಿದ ಸೆಟ್ಟಿದೆ ಎಂದು.

ಮದುವೆಯಾದ ಮೇಲೆ ಒಮ್ಮೆ ಅವಳನ್ನು ನೋಡಲು ಹೋಗಿದ್ದ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅವಳು ಮೆಲ್ಲಗೆ ಗುನುಗುತ್ತಿದ್ದಳು. ಒಳಗೆ ಗಂಡನ ಚಪ್ಪಲಿ ಸದ್ದು ಕೇಳಿದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸಿಬಿಟ್ಟಳು. ಆಮೇಲೆ ಅಣ್ಣನನ್ನು ನೋಡಿ, "ಯಾವಾಗ ಬಂದೆಯೋ?" ಎಂದು ನಕ್ಕಳು. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ಅವಳೇನು ಹೇಳುತ್ತಿದ್ದಳೋ ಎಂಬುದು ಮುಂದೆ ಬಹಳ ವರ್ಷ ಅವನನ್ನು ಕೊರೆಯಿತು.

ತಂಗಿಗೊಬ್ಬಳು ಮಗಳು ಹುಟ್ಟಿದಳು. ಆ ಮಗುವಿಗೆ ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿನಲ್ಲಿ ತಂಗಿಗೆ ಜ್ವರ ಬಂತು. ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಎನ್ನುತ್ತ ಮನೆಯಲ್ಲೇ ಇಟ್ಟುಕೊಂಡು, ಕೈ ಮೀರಿದ ಮೇಲೆ ಆಸ್ಪತ್ರೆಗೆ ಒಯ್ದರು. ಅಣ್ಣನಿಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ಜೀವಮಾನದಲ್ಲಿ ಒಂದೇ ಸಲ ಅವನು ನಾಲ್ಕು ಜನರ ಮುಂದೆ ಗಂಟಲೇರಿಸಿದ್ದು ಆವತ್ತು: "ಒಂದು ಫೋನ್ ಮಾಡೋಕೂ ಕೈ ಬರ್ಲಿಲ್ವಾ ಭಾವ ನಿಮಗೆ?" ಭಾವ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಆ ಮನೆಯ ಬಾಗಿಲು ಇವನಿಗೆ ಮುಚ್ಚಿತು.

ಉಳಿದದ್ದು ಕ್ಯಾಸೆಟ್ಟುಗಳು. ಅವಕ್ಕೂ ಬೂಷ್ಟು ಹಿಡಿಯತೊಡಗಿದಾಗ ಎದುರಿನ ಕಂಪ್ಯೂಟರ್ ಅಂಗಡಿಯವನಿಗೆ ಕೊಟ್ಟು ಹಾಡುಗಳನ್ನು ಪ್ಲೇಯರಿಗೆ ಇಳಿಸಿಕೊಂಡ. ಕ್ಯಾಸೆಟ್ಟುಗಳನ್ನು ಹೆಂಡತಿ ಕಸಕ್ಕೆ ಹಾಕಿದಳು. ಎಲ್ಲ ಇದರಲ್ಲಿದೆಯಲ್ಲ ಎಂದು ಅವನೂ ಸುಮ್ಮನಿದ್ದ.

ಹೀಗೆ ಊರಿನ ಅದೆಷ್ಟೋ ಕಾರುಗಳಲ್ಲಿ ಮೊದಲು ಕೇಳಿದ್ದು ಅವನ ತಂಗಿಯ ದನಿ. ಎಡಗಡೆ ಸ್ಪೀಕರು, ಬಲಗಡೆ ಸ್ಪೀಕರು, ಹಿಂದಿನವು ಎರಡು. ಎಲ್ಲ ಸರಿಯಿದ್ದರೆ ಪಿನ್ನು ಕಿತ್ತು ಪ್ಲೇಯರನ್ನು ಜೇಬಿಗೆ ಹಾಕುತ್ತಿದ್ದ. "ಯಾರಣ್ಣ ಹಾಡಿರೋದು?" ಎಂದು ಯಾರಾದರೂ ಕೇಳಿದರೆ, "ಟೆಸ್ಟಿಂಗ್ ಹಾಡು" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿ ಮುಂದೆ ಬೂದು ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದವಳು ಒಬ್ಬ ಹುಡುಗಿ. ಪಕ್ಕದ ಸೀಟಿನಲ್ಲಿದ್ದವನು ಗಾಜು ಏರಿಸಿಕೊಂಡು ಮುಂದೆ ನೋಡುತ್ತ ಕೂತೇ ಇದ್ದ. ಹುಡುಗಿ ಇಳಿದು ಬಂದು, "ನೀವು ನನ್ನ ಮಾವ ಅಲ್ವಾ?" ಎಂದಳು.

ಅವನಿಗೆ ಗುರುತು ಹೇಳಬೇಕಾಗಿರಲಿಲ್ಲ. ತಂಗಿಯ ಹಣೆಯೇ, ನಿಲ್ಲುವ ರೀತಿಯೂ ಅವಳದೇ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಡಬೇಕೋ ತಿಳಿಯದೆ ಅಂಗಿಗೆ ಒರೆಸಿದ.

"ಅಪ್ಪ ಈ ಕಾರು ಕೊಡ್ಸಿದ್ರು. ಇದರಲ್ಲಿ ನನ್ನ ಪ್ಲೇಯರ್ ಕನೆಕ್ಟ್ ಆಗಲ್ಲ. ಶೋರೂಮಿನವರು ಸೆಟ್ಟೇ ಬದಲಾಯಿಸಿ ಅಂದ್ರು. ಆಗ ಅಪ್ಪ ಅಂದ್ರು, ನಿಮ್ಮಮ್ಮನ ಅಣ್ಣ ಒಬ್ಬ ಇದಾನೆ, ಅವನು ಮಾಡ್ತಾನೆ ಅಂತ."

ಇಷ್ಟು ವರ್ಷದ ಮೇಲೆ ನೆನಪಾದದ್ದು ಇದಕ್ಕೆ. ಸೌಂಡಣ್ಣ ಕಾರಿನ ಹತ್ತಿರ ಹೋಗಿ, "ಇಳೀರಿ ಭಾವ, ಒಳಗೆ ಕೂತ್ಕೊಳ್ಳಿ" ಎಂದ.

"ಪರವಾಗಿಲ್ಲ. ಬೇಗ ಮುಗಿಸು, ಗೋಡೌನಿಗೆ ಲೋಡ್ ಬರೋದಿದೆ" ಎಂದ ಭಾವ. ತಲೆ ನರೆತಿತ್ತು, ದನಿ ಮಾತ್ರ ಹಾಗೇ ಇತ್ತು. ಕೆಲಸಕ್ಕೆ ಮುಂದಿನ ಸೀಟು ಖಾಲಿ ಬೇಕಾದ್ದರಿಂದ ಕೊನೆಗೆ ಬೇರೆ ದಾರಿಯಿಲ್ಲದೆ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತ.

ಸೌಂಡಣ್ಣ ಸೆಟ್ಟು ಎಳೆದ, ವೈರು ಬೆಸೆದ. ಹುಡುಗಿ ಪಕ್ಕದಲ್ಲೇ ಬಗ್ಗಿ ನೋಡುತ್ತ ಇದೇನು, ಅದೇನು ಎಂದು ಕೇಳುತ್ತಿದ್ದಳು. ಅವನು ಎಂದೂ ಯಾರಿಗೂ ಹೇಳದಷ್ಟು ವಿವರವಾಗಿ ಹೇಳಿದ. ಎಲ್ಲ ಮುಗಿದ ಮೇಲೆ ಜೇಬಿಗೆ ಕೈ ಹಾಕಿ, ಒಂದು ಗಳಿಗೆ ತಡೆದು, ತನ್ನ ಪ್ಲೇಯರನ್ನು ತೆಗೆದು ಚುಚ್ಚಿದ.

ಕಾರಿನ ತುಂಬ ತಂಗಿಯ ದನಿ ಹರಡಿತು. ಅವನು ಮುಂದಿನ ಕನ್ನಡಿಯಲ್ಲಿ ಭಾವನ ಮುಖವನ್ನೇ ನೋಡುತ್ತಿದ್ದ. ಭಾವ ಗಡಿಯಾರ ನೋಡಿಕೊಂಡ. ಕಿಟಕಿಯಾಚೆ ನೋಡಿದ.

"ಸೌಂಡ್ ಬಂತಲ್ಲ, ಸಾಕು" ಎಂದ. "ಆ ಹೆಂಗಸಿನ ರಾಗ ನಿಲ್ಲಿಸು, ತಲೆನೋವು."

ಸೌಂಡಣ್ಣ ನಿಲ್ಲಿಸಲಿಲ್ಲ. "ಯಾರು ಅಂತ ಗೊತ್ತಾಗ್ಲಿಲ್ವಾ ಭಾವ?"

"ಯಾರಾದ್ರೇನು?"

"ನಿಮ್ಮ ಹೆಂಡತಿ. ಇವಳ ತಾಯಿ."

ಹುಡುಗಿಯ ಕೈ ಬಾಗಿಲ ಹಿಡಿಕೆಯ ಮೇಲೇ ನಿಂತಿತು. ಭಾವನ ಕಿವಿಗಳು ಕೆಂಪಗಾದವು. "ಸುಮ್ನಿರಯ್ಯ. ಅವಳು ಎಲ್ಲಿ ಹೀಗೆ ಹಾಡ್ತಿದ್ಲು? ಅವಳ ಜೊತೆ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ವಾ?"

"ಒಂದು ದಿನಾನಾದ್ರೂ ಹಾಡು ಅಂದಿದ್ರಾ?"

ಭಾವ ಮುಂದಕ್ಕೆ ಬಾಗಿದ. "ಹಾಡಬೇಡ ಅಂತ ನಾನೊಬ್ಬನೇ ಹೇಳಿದ್ನಾ? ನೀನೂ ಅಲ್ಲೇ ಕೂತಿದ್ಯಲ್ಲ, ಕಾಫಿ ಕುಡೀತಾ" ಎಂದ.

ಸೌಂಡಣ್ಣನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಹಾಡು ತನ್ನಷ್ಟಕ್ಕೆ ಮುಂದುವರಿದಿತ್ತು. ಹುಡುಗಿ ಇಬ್ಬರನ್ನೂ ಒಮ್ಮೆ ನೋಡಿ, "ಇದನ್ನ ನನಗೆ ಕೊಡ್ತೀರಾ ಮಾವ?" ಎಂದಳು.

ಕಾಪಿ ಮಾಡಿ ಕೊಡುತ್ತೇನೆ, ನಾಳೆ ಬಾ ಎನ್ನಬಹುದಿತ್ತು. ಆದರೆ ಭಾವನ ಎದುರು, ಅವನು ನೋಡುತ್ತಿರುವಾಗಲೇ ಕೊಡಬೇಕು ಎನ್ನಿಸಿತು. ಕಿತ್ತು ಅವಳ ಅಂಗೈಯಲ್ಲಿಟ್ಟ. ಅದನ್ನು ಅವನು ಪ್ರೀತಿಗೆ ಕೊಟ್ಟನೋ ಹಟಕ್ಕೆ ಕೊಟ್ಟನೋ, ಅವನಿಗೇ ಸರಿಯಾಗಿ ತಿಳಿಯದು.

ಮುಂದಿನ ವಾರ ಹುಡುಗಿಯ ಫೋನು ಬಂತು. ಮೊದಲು ಅಳುವೇ ಕೇಳಿತು. ಮಾತು ಬಂದದ್ದು ಆಮೇಲೆ.

"ಮಾವ, ಹಾಡೆಲ್ಲ ಹೋಯ್ತು. ಕಂಪ್ಯೂಟರಿಗೆ ಹಾಕಿದೆ, ಎಲ್ಲ ಉಳಿಸಿಕೊಳ್ಳೋಣ ಅಂತ. ಅದು ಏನೋ ಕೇಳ್ತು. ನಾನು ಸರಿ ಅಂತ ಒತ್ತಿದೆ. ಒಳಗಿದ್ದದ್ದೆಲ್ಲ ಅಳಿಸಿ ನನ್ನ ಹಾಡುಗಳನ್ನೇ ತುಂಬಿಕೊಂಡ್ತು. ನಿಮ್ಮ ಹತ್ರ ಇನ್ನೊಂದು ಕಾಪಿ ಇದೆ ಅಲ್ವಾ? ಇದೆ ತಾನೆ?"

ಅವನು ಆಗ ಯಾರದೋ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ್ದ. "ಇದೆ, ಇದೆ. ನೀನು ಅಳಬೇಡ" ಎಂದ. ಹೇಳಿದ ಮೇಲೆ ಎದ್ದು ಎದುರಿನ ಕಂಪ್ಯೂಟರ್ ಅಂಗಡಿಗೆ ಹೋದ. ಆ ಅಂಗಡಿಯವನು ಹಳೆಯ ಯಂತ್ರವನ್ನು ಮಾರಿ ಎಷ್ಟೋ ಕಾಲವಾಗಿತ್ತು. ಆರ್ಕೆಸ್ಟ್ರಾದ ಕೀಬೋರ್ಡಿನವನ ಮನೆ ಹುಡುಕಿಕೊಂಡು ಹೋದ. ಮುದುಕ ಕುರ್ಚಿ ಹಾಕಿ ಕೂರಿಸಿ, ಟೀ ಕೊಟ್ಟು, ಎಲ್ಲ ಕೇಳಿ, "ನಿನ್ನ ತಂಗಿ ನಮ್ಮಲ್ಲಿ ಹಾಡ್ತಿದ್ಲಾ? ಎಷ್ಟೊಂದು ಹುಡುಗೀರು ಬಂದು ಹೋದ್ರಪ್ಪ" ಎಂದ.

ಕಾಪಿ ಇಲ್ಲವೆಂದು ಕೊನೆಗೂ ಹೇಳಲೇಬೇಕಾಯಿತು. ಹುಡುಗಿ ಈ ಸಲ ಅಳಲಿಲ್ಲ. "ನಾನು ಒಂದೇ ಸಲ ಪೂರ್ತಿ ಕೇಳಿದ್ದು. ಎಲ್ಲಿ ಹುಡುಕಿದ್ರೂ ಆ ಹಾಡಿನ ಸಾಲು ಸಿಗ್ಲಿಲ್ಲ. ನೀವಾದ್ರೆ ದಿನಾ ಕೇಳ್ತಿದ್ರಿ. ಮೊದಲನೇ ಹಾಡಿನ ಎರಡನೇ ಚರಣ ಏನದು ಮಾವ? ಬರ್ಕೊಳ್ತೀನಿ, ಹೇಳಿ" ಎಂದಳು.

ಸೌಂಡಣ್ಣ ಬಾಯಿ ತೆರೆದ. ಪಲ್ಲವಿ ಬಂತು. ಮೊದಲ ಚರಣದ ಅರ್ಧ ಸಾಲು ಬಂತು. ಅದರಾಚೆ ಏನೂ ಇರಲಿಲ್ಲ. ಎಡ, ಬಲ, ಹಿಂದೆ ಎಂದು ನೋಡಿಕೊಂಡು ಅಷ್ಟು ಹೊತ್ತಿಗೆ ಯಾವಾಗಲೂ ಪಿನ್ನು ಕೀಳುತ್ತಿದ್ದನಲ್ಲ. ಅಷ್ಟು ವರ್ಷ, ಅಷ್ಟು ಕಾರುಗಳಲ್ಲಿ ಅವನು ಕೇಳಿದ್ದು ಸ್ಪೀಕರುಗಳನ್ನು. ಬರೀ ಹಾಡು ಕೇಳಲೆಂದು ಕೂತ ಒಂದು ದಿನವನ್ನೂ ಅವನಿಗೆ ನೆನಪಿಸಿಕೊಳ್ಳಲಾಗಲಿಲ್ಲ. ಭಾವನ ಮೇಲೆ ಇಷ್ಟು ವರ್ಷ ಕಾಯ್ದಿಟ್ಟುಕೊಂಡಿದ್ದ ಸಿಟ್ಟು ಎದೆಯೊಳಗೇ ತನ್ನತ್ತ ತಿರುಗಿ ನಿಂತಿತು.

"ಮಾವ? ಲೈನಲ್ಲಿದೀರಾ?"

ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದ ಒಂದೆರಡು ಸಾಲನ್ನು ಅಲ್ಲೇ ಹೊಸೆದು ಹೇಳಿದ. ಅಂಗಳ, ಬೆಳದಿಂಗಳು, ಇನ್ನೇನೋ. ಹುಡುಗಿ ನಿಧಾನವಾಗಿ ಬರೆದುಕೊಂಡಳು. "ತುಂಬಾ ಚೆನ್ನಾಗಿದೆ" ಎಂದಳು.

ಕೆಲವು ತಿಂಗಳ ಮೇಲೆ ಅಂಗಡಿಗೆ ಬಂದವಳು ಅದನ್ನೇ ಮತ್ತೆ ಹೇಳಿ ಎಂದಳು. ತಾನು ಏನು ಕಟ್ಟಿ ಹೇಳಿದ್ದೆ ಎಂಬುದು ಅವನಿಗೆ ಮರೆತುಹೋಗಿತ್ತು. ತಡವರಿಸಿ ಬೇರೇನೋ ಹೇಳಿದ. ಹುಡುಗಿ ತಲೆ ಎತ್ತಿ ನೋಡಿದಳು.

"ಹೋದ ಸಲ ಬೇರೆ ಹೇಳಿದ್ರಿ."

"ವಯಸ್ಸಾಯ್ತಲ್ಲಮ್ಮ. ಮರೆವು."

ಅವಳು ಹೂಂ ಎಂದಳು. ಅಮ್ಮನದೇ ಆ ನೋಟ, ಅಡುಗೆಮನೆ ಬಾಗಿಲಿನದು. ಅದರ ಎದುರು ಅವನು ಮತ್ತೆ ತಲೆ ತಗ್ಗಿಸಿ, ಕೈಯಲ್ಲಿದ್ದ ವೈರಿನ ತುದಿ ಸುಲಿಯತೊಡಗಿದ.

ಈಗಲೂ ಅವಳು ಆಗಾಗ ಫೋನು ಮಾಡುತ್ತಾಳೆ. ಊಟ ಆಯ್ತಾ, ಬೆನ್ನುನೋವು ಹೇಗಿದೆ, ಅತ್ತೆ ಹೇಗಿದ್ದಾರೆ ಎಂದೆಲ್ಲ ಕೇಳುತ್ತಾಳೆ. ಅವನೂ ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ. ಹಾಡಿನ ಮಾತನ್ನು ಇಬ್ಬರೂ ಎತ್ತುವುದಿಲ್ಲ.