ಆರು ಸಾವಿರ ಸುತ್ತಿನ ಆಚೆ

ಈ ಭಾನುವಾರ ಬೆಳಿಗ್ಗೆ ಹೆಬ್ಬಾಳದ ನಮ್ಮ ಮನೆಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ವಿಮಾನ ನಿಲ್ದಾಣದ ರಸ್ತೆಯ ಕಡೆಯಿಂದ ಯಾವುದೋ ಕಾರಿನ ದನಿ ತೇಲಿ ಬಂತು. ಮೊದಲು ಸಣ್ಣಗೆ ಶುರುವಾಗಿ, ಏರುತ್ತಾ ಏರುತ್ತಾ, ಇನ್ನೇನು ಹರಿದುಹೋಗುತ್ತದೆ ಅನ್ನುವ ಹೊತ್ತಿಗೆ ಗೇರು ಬದಲಾಗಿ ಕೆಳಗಿಳಿದು, ಮತ್ತೆ ಏರತೊಡಗಿತು. ಪಕ್ಕದ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು, "ಬೆಳ್‌ಬೆಳಿಗ್ಗೆ ಏನ್ ಕರ್ಮ ಇವರ್ದು" ಎಂದು ಗೊಣಗಿದರು. ನಾನೂ ಸೌಜನ್ಯಕ್ಕೆ ಹೂಂ ಎಂದೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಐವತ್ತು ದಾಟಿದ ನನ್ನ ತೋಳಿನ ರೋಮವೆಲ್ಲ ನಿಮಿರಿ ನಿಂತಿತ್ತು.

ನನಗೆ ಈ ರೋಗ ಅಂಟಿಸಿದವನು ನಮ್ಮಣ್ಣ. ಗಂಗಾನಗರದಲ್ಲಿ ಅವನದೊಂದು ಹಲ್ಲಿನ ಕ್ಲಿನಿಕ್ಕು. ಮೂವತ್ತು ವರ್ಷ ಅವನು ಅಲ್ಲಿ ಆಡಿದ ಮಾತು ಎರಡೇ ಎಂದು ಅತ್ತಿಗೆ ತಮಾಷೆ ಮಾಡುವುದುಂಟು: "ಬಾಯಿ ತೆಗೀರಿ", "ಉಗೀರಿ". ಉಳಿದದ್ದನ್ನೆಲ್ಲ ಅವನ ಡ್ರಿಲ್ಲು ಮಾತಾಡುತ್ತಿತ್ತು. ಅದರ ಕೀರಲು ದನಿ ಹೊರಗಿನ ಬೆಂಚಿನವರೆಗೆ ಬಂದರೆ ಕಾಯುತ್ತಿದ್ದವರಲ್ಲಿ ಒಬ್ಬಿಬ್ಬರು ಹಲ್ಲುನೋವು ತಾನಾಗಿಯೇ ವಾಸಿಯಾಗಿ ಎದ್ದು ಹೋಗುತ್ತಿದ್ದರು. ಅಣ್ಣನಿಗೆ ಮಾತ್ರ ಅದು ಇಂಪು. ವೇಗವಾಗಿ ತಿರುಗುವ ಯಾವುದನ್ನು ಕಂಡರೂ ಅವನಿಗೆ ಅಕ್ಕರೆ. ಮನೆಯ ಮಿಕ್ಸಿಯನ್ನೂ ಕಿವಿಗೊಟ್ಟು ಕೇಳುತ್ತಿದ್ದ.

ಅವನ ಕಾರು ಪುಟ್ಟದು, ಬಿಳಿಯದು, ಜಪಾನಿನಲ್ಲಿ ಹುಟ್ಟಿದ್ದು. ಬಾನೆಟ್ ಎತ್ತಿದರೆ ಎಂಜಿನ್ನಿನ ಸಂದಿಯಲ್ಲಿ ಕೆಳಗಿನ ನೆಲ ಕಾಣುತ್ತಿತ್ತು, ಅಷ್ಟು ಚಿಕ್ಕ ಎಂಜಿನ್ನು. ಊರೊಳಗೆ ಅದರಷ್ಟು ಸೋಮಾರಿ ಗಾಡಿ ಇನ್ನೊಂದಿಲ್ಲ. ಆರ್.ಟಿ. ನಗರದ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೆ ಆಟೋಗಳೂ ಹಿಂದೆ ಹಾಕಿ ಹೋಗುತ್ತಿದ್ದವು. ಒಮ್ಮೆ ನಾನು ಅದನ್ನು ಆಡಿಕೊಂಡಾಗ ಅಣ್ಣ ತಾಳ್ಮೆಯಿಂದ ವಿವರಿಸಿದ. ಎಂಜಿನ್ನಿನ ಶಕ್ತಿ ಎಂದರೆ ಎರಡರ ಗುಣಾಕಾರವಂತೆ: ಎಷ್ಟು ಬಲವಾಗಿ ತಿರುಚುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ. ತಿರುಚುವ ಬಲವೇ ಟಾರ್ಕು. ದೊಡ್ಡ ಎಂಜಿನ್ನಿಗೆ ಅದು ಧಾರಾಳ. ನಿಧಾನವಾಗಿ ತಿರುಗಿದರೂ ಆನೆಯಂತೆ ತಳ್ಳುತ್ತದೆ. ಚಿಕ್ಕದಕ್ಕೆ ಆ ಭಾಗ್ಯವಿಲ್ಲ. ಅದು ತಿರುಗಿ ತಿರುಗಿಯೇ ಗಳಿಸಬೇಕು.

"ದೊಡ್ಡ ಎಂಜಿನ್ನು ತಾನೇ ಕೊಡತ್ತೆ ಕಣೇ, ನಾವು ತಗೊಂಡ್ರಾಯ್ತು. ಇದರ ಹತ್ರ ಮಾತ್ರ ಕೇಳಿ ಪಡೀಬೇಕು" ಎಂದ.

ಕೇಳುವುದು ಹೇಗೆಂದು ನಾನು ಕಂಡದ್ದು ಹನುಮಂತಣ್ಣನ ಲೇಔಟಿನಲ್ಲಿ. ಹನುಮಂತಣ್ಣ ಅಬ್ಬಿಗೆರೆಯವರು. ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದು ಅಣ್ಣನ ಸ್ನೇಹಿತರಾದವರು. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಇವರು ಸೈಟು ಬೆಳೆದರು. ಕೈ ಬಲವಾದ ಮೇಲೆ ಅಮೆರಿಕದ್ದೊಂದು ಕಪ್ಪು ಕಾರು ತರಿಸಿದ್ದರು. ಅದರ ಎಂಜಿನ್ನಿನಲ್ಲಿ ಎಂಟು ಸಿಲಿಂಡರು, ಒಂದೊಂದೂ ನಮ್ಮ ಮನೆಯ ಇಡ್ಲಿ ಪಾತ್ರೆಯಷ್ಟು ಎಂದು ನನ್ನ ಅಂದಾಜು. ಆಗ ಅವರ ಲೇಔಟಿಗೆ ರಸ್ತೆ ಬಂದಿತ್ತು, ಮನೆಗಳು ಬಂದಿರಲಿಲ್ಲ. ಗೇಟು ಹಾಕಿಸಿ, ಆ ನೇರ ಡಾಂಬರು ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ವಾದ ಮಂಡಿಸುತ್ತಿದ್ದರು. ಒಂದು ಸಲ ನನ್ನನ್ನು ತೀರ್ಪುಗಾರಳೆಂದು ಕರೆದೊಯ್ದರು.

ಮೊದಲು ಅಣ್ಣನ ಕಾರು. ಎರಡನೇ ಗೇರಿನಲ್ಲಿ ಅವನು ಪೆಡಲು ಒತ್ತಿದ. ಮೂರು ಸಾವಿರ ಸುತ್ತು, ನಾಲ್ಕು ಸಾವಿರ, ಅಂಥದ್ದೇನೂ ಆಗಲಿಲ್ಲ. ಇಷ್ಟಕ್ಕೇನಾ ನನ್ನ ನಿದ್ದೆ ಕೆಡಿಸಿದ್ದು ಅಂದುಕೊಳ್ಳುತ್ತಿದ್ದೆ. ಮೀಟರಿನ ಮುಳ್ಳು ಆರು ಸಾವಿರ ದಾಟಿತು ನೋಡಿ, ಎಂಜಿನ್ನಿನ ಒಳಗೆ ಇನ್ನೊಂದು ಎಂಜಿನ್ನು ಕಣ್ಣುಬಿಟ್ಟಂತಾಯಿತು. ದನಿಯ ಬಣ್ಣವೇ ಬದಲಾಯಿತು. ಅದುವರೆಗೆ ಗೊಣಗುತ್ತಿದ್ದದ್ದು ಒಮ್ಮೆಲೇ ಗಂಟಲು ಬಿಚ್ಚಿ ಹಾಡಿದಂತೆ, ಏಳು ಸಾವಿರ, ಎಂಟು ಸಾವಿರ, ಮುಗಿಯಿತು ಅಂದುಕೊಂಡ ಮೇಲೂ ಇನ್ನಷ್ಟು. ಒಂದು ಕಬ್ಬಿಣದ ತುಂಡು ನಿಮಿಷಕ್ಕೆ ಎಂಟು ಸಾವಿರ ಸಲ ತಿರುಗಿಯೂ ಚೂರಾಗದೆ ನಮ್ಮನ್ನು ಹೊತ್ತೊಯ್ಯುತ್ತಿದೆಯಲ್ಲ ಎಂಬ ಬೆರಗಿಗೆ ನನ್ನ ಕಣ್ಣು ತುಂಬಿತು. ಅಣ್ಣ ಮುಂದೆ ನೋಡಿಕೊಂಡೇ, "ಬಂತಾ?" ಎಂದ. ನಾನು ಕಣ್ಣೊರೆಸಿಕೊಂಡೆ.

ಆಮೇಲೆ ಹನುಮಂತಣ್ಣನ ಕಾರು. "ಸೀಟಿಗೆ ಬೆನ್ನು ಕೊಟ್ಟು ಕೂತ್ಕಳಿ ಅಕ್ಕ" ಎಂದವರೇ ಕಾಲಿನ ಹೆಬ್ಬೆರಳು ಒತ್ತಿದರು, ಅಷ್ಟೇ. ಏರುವುದು, ಕಾಯುವುದು, ಯಾವುದೂ ಇಲ್ಲ. ರಸ್ತೆಯನ್ನೇ ಯಾರೋ ಚಾಪೆಯಂತೆ ನಮ್ಮ ಕೆಳಗಿನಿಂದ ಎಳೆದುಕೊಂಡರು. ದನಿ ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಅದೂ ಬೆರಗೇ. ಬೆಟ್ಟದ ಪಕ್ಕ ನಿಂತಾಗ ಆಗುತ್ತದಲ್ಲ, ನಮ್ಮ ಲೆಕ್ಕವೇ ಇಲ್ಲಿಲ್ಲ ಅನ್ನುವಂಥದ್ದು.

"ಯೋಳಿ ಅಕ್ಕ, ಯಾವ್ದು?"

"ಎರಡೂ" ಎಂದೆ. ಇಬ್ಬರಿಗೂ ಸಿಟ್ಟು ಬಂತು. "ಡಾಕ್ಟ್ರ ಗಾಡಿ ಕುಯ್ಯೋ ಅನ್ನಾಕೇ ಅರ್ಧ ರಸ್ತೆ ಬೇಕು. ಗಾಡಿ ಅಂದ್ರೆ ಇಂಗಿರ್ಬೇಕು" ಎಂದು ಹನುಮಂತಣ್ಣ ತಮ್ಮ ಬಾನೆಟ್ಟು ತಟ್ಟಿದರು. ಅಣ್ಣ ನಕ್ಕು ತಿಂಡಿಗೆ ಹೊರಡಿಸಿದ. ವರ್ಷಗಟ್ಟಲೆ ಹೀಗೇ ನಡೆಯಿತು.

ಆಮೇಲೊಂದು ದಿನ ಅಣ್ಣ, "ಎಂಜಿನ್ ಮಂಕಾಗಿದೆ" ಎಂದ. ಆರು ಸಾವಿರದ ಆಚೆ ಮೊದಲಿನ ದನಿ ಇಲ್ಲವಂತೆ. ಯಶವಂತಪುರದ ಮೆಕ್ಯಾನಿಕ್ಕು ನೋಡಿ ಸರಿಯಾಗಿದೆ ಎಂದ. ಅಣ್ಣ ನಂಬಲಿಲ್ಲ. ಪ್ಲಗ್ಗು ಬದಲಿಸಿದ, ಎಣ್ಣೆ ಬದಲಿಸಿದ, ಕೊನೆಗೆ ಸೈಲೆನ್ಸರನ್ನೇ ಬದಲಿಸಿದ. ಕಾರು ಓಡಿಸುವಾಗ ಮುಳ್ಳು ಎಂಜಿನ್ನು ತಾಳುವ ಮಿತಿ ತೋರಿಸುವ ಕೆಂಪು ಗೆರೆಗೆ ಬಡಿದು ಎಂಜಿನ್ನು ತಡವರಿಸಿದರೂ ಗೇರು ಬದಲಿಸಲು ಮರೆಯುತ್ತಿದ್ದ. ಒಂದು ಭಾನುವಾರ ಹನುಮಂತಣ್ಣ ತಾವೇ ಕೀ ಇಸಿದುಕೊಂಡು ಆ ಪುಟ್ಟ ಕಾರನ್ನು ರಸ್ತೆಯ ಕೊನೆಯವರೆಗೆ ಓಡಿಸಿ ಬಂದರು. ಇಳಿದವರು ಕೀ ಹಿಂದಿರುಗಿಸಿದರು. ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು:

"ಡಾಕ್ಟ್ರೇ, ಗಾಡಿ ನೆಟ್ಟಗೈತೆ. ಮೊದಲಿನಂಗೇ ಕಿರುಚ್ತೈತೆ. ನೀವು ಕಿವಿ ತೋರಿಸ್ಕಳಿ."

ಕಿವಿ ಪರೀಕ್ಷೆಗೆ ಜೊತೆಯಲ್ಲಿ ಹೋದವಳು ನಾನೇ. ಗಾಜಿನ ಗೂಡಿನೊಳಗೆ ಅಣ್ಣ ಹೆಡ್‌ಫೋನು ಹಾಕಿಕೊಂಡು, ಶಾಲೆಯ ಹುಡುಗನಂತೆ ನೆಟ್ಟಗೆ ಕೂತಿದ್ದ. ದನಿ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಹೊರಗೆ, ಪರೀಕ್ಷೆ ಮಾಡುವ ಹುಡುಗಿಯ ಮುಂದಿನ ಯಂತ್ರದಲ್ಲಿ ದನಿ ಹೋದಾಗ ಒಂದು ಪುಟ್ಟ ದೀಪ, ಅವನು ಒತ್ತಿದಾಗ ಇನ್ನೊಂದು. ಕೆಳಗಿನ ದನಿಗಳಿಗೆ ಎರಡೂ ದೀಪ ಜೊತೆಜೊತೆಗೇ ಹೊತ್ತಿದವು. ಹುಡುಗಿ ದನಿಯ ಶ್ರುತಿಯನ್ನು ಮೇಲೆ ಮೇಲೆ ಏರಿಸುತ್ತಾ ಹೋದಳು. ಒಂದು ಹಂತದಲ್ಲಿ ಮೊದಲ ದೀಪ ಹೊತ್ತಿತು, ಎರಡನೆಯದು ಹೊತ್ತಲಿಲ್ಲ. ಮತ್ತೆ ಹೊತ್ತಿತು. ಅಣ್ಣ ಗುಂಡಿಯ ಮೇಲೆ ಬೆರಳಿಟ್ಟು, ತುಟಿಯಂಚಿನಲ್ಲಿ ನಗುತ್ತಾ, ದನಿ ಬರಲೆಂದು ಕಾಯುತ್ತಿದ್ದ. ನಾನು ತಲೆ ತಗ್ಗಿಸಿದೆ.

ಮೇಲಿನ ಶ್ರುತಿಯ ದನಿಗಳು ಹೋಗಿವೆ, ಅವು ಬರುವುದಿಲ್ಲ ಎಂದರು ಕಿವಿಯ ಡಾಕ್ಟರು. ವಯಸ್ಸಿನ ಪಾಲೆಷ್ಟೋ, ಡ್ರಿಲ್ಲಿನ ಪಾಲೆಷ್ಟೋ. ಕಿವಿಗೆ ಯಂತ್ರ ಬಂತು. ಮಾತು ಕೇಳಿಸಿತು. "ಆ ದನಿ ಮಾತ್ರ ತಗಡು ತಟ್ಟಿದಂಗಿದೆ ಕಣೇ" ಎಂದ. ಕಾರಿಗೆ ಹೊದಿಕೆ ಹಾಕಿಬಿಟ್ಟ.

ಸುದ್ದಿ ತಿಳಿದ ಹನುಮಂತಣ್ಣ ತಮ್ಮ ಕಪ್ಪು ಕಾರು ತಂದು ಬಾಗಿಲಿಗೇ ನಿಲ್ಲಿಸಿದರು. "ಇದನ್ನ ಕೇಳಾಕೆ ಕಿವಿ ಬ್ಯಾಡ, ಬನ್ನಿ ಡಾಕ್ಟ್ರೇ" ಎಂದು ಕೈಹಿಡಿದು ಕೂರಿಸಿಕೊಂಡು ಹೋದರು. ಅಣ್ಣ ಹಿಂದಿರುಗಿದಾಗ ಮುಖ ಕೆಂಪಾಗಿತ್ತು. "ಬೆನ್ನಲ್ಲಿ ಕೇಳಿಸ್ತು. ಪೂರ್ತಿ ಕೇಳಿಸ್ತು" ಎಂದ. ಇಷ್ಟು ವರ್ಷ ಆಡಿಕೊಂಡ ಎಂಜಿನ್ನಿನ ಮುಂದೆ ತಾನು ಸಣ್ಣವನಾದೆ ಎಂದೂ ಹೇಳಿದ. ಅಂದಿನಿಂದ ಹನುಮಂತಣ್ಣ ವಾದ ಮಾಡುವುದನ್ನೇ ಬಿಟ್ಟರು. ಗೆದ್ದವರ ಮುಖ ಅಷ್ಟು ಸಪ್ಪಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನೆಲ್ಲ ನೆನೆಯುತ್ತಾ ಈ ಭಾನುವಾರ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಗಂಗಾನಗರಕ್ಕೆ ಹೋಗಿ ಅಣ್ಣನ ಮುಂದೆ ಕೈಚಾಚಿದೆ. "ಕೀ ಕೊಡು."

"ನಿಂಗ್ಯಾಕೆ?"

"ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ."

ಯಲಹಂಕದ ಆಚೆ ಹನುಮಂತಣ್ಣನ ಹೊಸ ಲೇಔಟಿದೆ, ಅಲ್ಲಿನ್ನೂ ರಸ್ತೆಗಳಷ್ಟೇ. ಫೋನು ಮಾಡಿದ್ದಕ್ಕೆ ಅವರೇ ಬಂದು ಗೇಟು ತೆಗೆದರು. ಎರಡನೇ ಗೇರಿಗೆ ಹಾಕಿ ಪೆಡಲು ಒತ್ತಿದೆ. ನಾಲ್ಕು ಸಾವಿರದಲ್ಲಿ ಕಾಲು ತಾನಾಗಿ ಹಿಂದೆ ಸರಿಯಿತು. "ಬಿಡ್ಬೇಡ, ಒತ್ತು" ಎಂದ ಅಣ್ಣ. ಒತ್ತಿದೆ. ಐದು, ಆರು. ಆಗ ಆ ಎಂಜಿನ್ನು ಗಂಟಲು ಬಿಚ್ಚಿತು. ಈ ಸಲ ಅದು ನನ್ನ ಕಾಲಡಿಯಿಂದ ಹೊರಟಿತ್ತು. ಕೇಳಿ ಪಡೆಯುವುದೆಂದರೇನು ಎಂದು ನನಗೆ ಆಗ ತಿಳಿಯಿತು. ಕೆಂಪು ಗೆರೆಯವರೆಗೆ ಹೋಗಿ, ಕಾಲು ತೆಗೆದು, ಕಾರು ನಿಲ್ಲಿಸಿದೆ.

ಅಣ್ಣ ಮುಳ್ಳನ್ನು ನೋಡುತ್ತಿರಲಿಲ್ಲ, ರಸ್ತೆಯನ್ನೂ ನೋಡುತ್ತಿರಲಿಲ್ಲ. ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ. ಅವನ ಕಣ್ಣು ಹೊಳೆಯುತ್ತಿತ್ತು.

"ಆರು ದಾಟಿದ ತಕ್ಷಣ ಬಂತಲ್ವಾ? ಗೊತ್ತಾಯ್ತು" ಎಂದ. "ಇನ್ನೊಂದ್ ಸಲ."

ನಾನು ಕಾರು ತಿರುಗಿಸಿದೆ.